ಆಟದ ಸಂಬಳ: ಜಿಮ್ಮಿ ಜಾರ್ಜ್ ಮತ್ತು ಅವರ ಕಾಲ

ತಿರುವನಂತಪುರದ ವೆಳ್ಳಯಂಬಲದಲ್ಲಿ ಒಂದು ಒಳಾಂಗಣ ಕ್ರೀಡಾಂಗಣವಿದೆ. ಉತ್ತರ ಇಟಲಿಯ ಬ್ರೆಷಿಯಾ ಪ್ರಾಂತ್ಯದಲ್ಲಿ ಮೊಂತಿಕಿಯಾರಿ ಎಂಬ ಸಣ್ಣ ಪಟ್ಟಣವಿದೆ. ಅಲ್ಲಿಯೂ ಒಂದು ಒಳಾಂಗಣ ಕ್ರೀಡಾಂಗಣವಿದೆ. ಎರಡಕ್ಕೂ ಇಟ್ಟಿರುವುದು ಒಬ್ಬನೇ ಮಲಯಾಳಿಯ ಹೆಸರು. ವೆಳ್ಳಯಂಬಲದ್ದು ಜಿಮ್ಮಿ ಜಾರ್ಜ್ ಕ್ರೀಡಾಂಗಣ, ಮೊಂತಿಕಿಯಾರಿಯದು ‘ಪಾಲಾಜಾರ್ಜ್’. ‘ಪಾಲಾ’ ಎಂಬುದು ಇಂಥ ಕ್ರೀಡಾಭವನಗಳ ಹೆಸರಿನ ಹಿಂದೆ ಇಟಲಿಯವರು ಸೇರಿಸುವ ಮಾತು. ಜಿಮ್ಮಿ ಕಾಲೇಜು ಓದಿದ ಕೋಟ್ಟಯಂ ಜಿಲ್ಲೆಯ ಪಾಲಾ ಪಟ್ಟಣಕ್ಕೂ ಅದಕ್ಕೂ ನಂಟಿಲ್ಲ, ಇದ್ದಿದ್ದರೆ ಚೆನ್ನಾಗಿರುತ್ತಿತ್ತು.

ಕೇರಳದ ರಾಜಧಾನಿಯಲ್ಲಿ ನೌಕರಿಗೆಂದು ಬಂದು ನೆಲೆಸಿದ ನಮ್ಮಂಥ ಕನ್ನಡಿಗರಿಗೆ ಈ ಹೆಸರು ಮೊದಲು ಪರಿಚಯವಾಗುವುದು ವಿಳಾಸವಾಗಿ. ಆಟೊದವರಿಗೆ ಹೇಳುವ ಗುರುತು ಅದು. ವಿಳಾಸವಾಗಿ ಉಳಿಯುವ ಸೌಭಾಗ್ಯ ಎಲ್ಲರಿಗೂ ದೊರೆಯುವುದಿಲ್ಲ ನಿಜ; ಆದರೆ ವಿಳಾಸವಾದ ಮೇಲೆ ಮನುಷ್ಯ ಮರೆಯಾಗುತ್ತಾನೆ. ವಾಲಿಬಾಲ್ ಆಟವನ್ನು ಸಂಬಳಕ್ಕಾಗಿ ವಿದೇಶದಲ್ಲಿ ಆಡಿದ ಮೊದಲ ಭಾರತೀಯನೆಂದು ಜಿಮ್ಮಿ ಜಾರ್ಜ್ ಅವರನ್ನು ಗುರುತಿಸುತ್ತಾರೆ. ಆ ಮಾತಿನಲ್ಲಿ ನಮ್ಮನ್ನು ಹಿಡಿದು ನಿಲ್ಲಿಸಿದ ಪದ ‘ವಿದೇಶ’ವಲ್ಲ, ‘ಸಂಬಳ’. ಆಡುವವನಿಗೆ ಕೂಲಿ ಕೊಡುವವರು ಯಾರು, ಯಾವ ಹೆಸರಿನಲ್ಲಿ ಕೊಡುತ್ತಾರೆ ಎಂಬ ಪ್ರಶ್ನೆಯನ್ನು ಕೈಯಲ್ಲಿ ಹಿಡಿದು ಈ ಬದುಕನ್ನು ನೋಡುವುದು ನಮ್ಮ ಉದ್ದೇಶ.

ಕೊಡಗಿನ ವಿರಾಜಪೇಟೆಯಿಂದ ಮಾಕುಟ್ಟದ ಕಾಡುದಾರಿ ಹಿಡಿದು ಘಟ್ಟ ಇಳಿದರೆ ಇರಿಟ್ಟಿ ಸಿಗುತ್ತದೆ. ಪೇರಾವೂರು ಅದೇ ಸೀಮೆಯ ಊರು. ತಿರುವಾಂಕೂರಿನ ಕಡೆಯ ಕ್ರೈಸ್ತ ಕುಟುಂಬಗಳು ಕಳೆದ ಶತಮಾನದ ನಡುಭಾಗದಲ್ಲಿ ಮಲಬಾರಿನ ಈ ಬೆಟ್ಟದ ತಪ್ಪಲಿಗೆ ವಲಸೆ ಬಂದು, ಕಾಡು ಸವರಿ, ಮರಗೆಣಸು, ಕಾಳುಮೆಣಸು, ರಬ್ಬರು ಬೆಳೆದವು. ಅವರೂ ಒಂದು ಬಗೆಯ ಹೊರನಾಡಿಗರೇ. ಇಂಥ ಸೀಮೆಯಲ್ಲಿ ಫುಟ್‌ಬಾಲಿಗೆ ಬೇಕಾದಷ್ಟು ಸಮತಟ್ಟು ಜಾಗ ಸಿಗುವುದು ಕಷ್ಟ. ವಾಲಿಬಾಲಿಗೆ ಒಂದು ಅಂಗಳ ಸಾಕು. ಎರಡು ಅಡಕೆ ಮರದ ಕಂಬ, ನಡುವೆ ಒಂದು ಬಲೆ. ನಮ್ಮ ಮಲೆನಾಡಿನಲ್ಲೂ ದಕ್ಷಿಣ ಕನ್ನಡದಲ್ಲೂ ಈ ಆಟ ಮನೆಮನೆಗೆ ಹೊಕ್ಕದ್ದು ಹೀಗೆಯೇ ಅಲ್ಲವೆ?

ಜಿಮ್ಮಿ 1955ರ ಮಾರ್ಚ್ 8ರಂದು ಆ ಪೇರಾವೂರಿನಲ್ಲಿ ಹುಟ್ಟಿದರು. ತಂದೆ ಜಾರ್ಜ್ ಜೋಸೆಫ್ ಸ್ವತಃ ವಿಶ್ವವಿದ್ಯಾಲಯದ ಮಟ್ಟದಲ್ಲಿ ಆಡಿದವರು. ಎಂಟು ಮಂದಿ ಗಂಡುಮಕ್ಕಳು; ಎಂಟೂ ಮಂದಿ ವಾಲಿಬಾಲ್ ಆಡಿದರು. ವಾಲಿಬಾಲ್ ತಂಡಕ್ಕೆ ಅಂಕಣದಲ್ಲಿ ಬೇಕಾದವರು ಆರೇ ಜನ. ಆ ಮನೆಯಲ್ಲಿ ತಂಡವೊಂದು ತಯಾರಾಗಿ ಮೇಲೆ ಇಬ್ಬರು ಉಳಿಯುತ್ತಿದ್ದರು. ಸೋದರರೆಲ್ಲ ಒಂದೇ ತಂಡವಾಗಿ ಇಳಿದದ್ದೂ ಉಂಟು. ತಂದೆಯೇ ಮೊದಲ ಗುರು. ಕಲಿತ ಜಾಗ ಊರಿನ ವೈಎಂಸಿಎ ಅಂಕಣ.

ವೈಎಂಸಿಎ ಎಂದಾಗ ಒಂದು ಕಾಕತಾಳೀಯವನ್ನು ಹೇಳಿಬಿಡಬೇಕು. ವಾಲಿಬಾಲ್ ಹುಟ್ಟಿದ್ದು 1895ರಲ್ಲಿ, ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಹೋಲಿಯೋಕ್ ಪಟ್ಟಣದ ವೈಎಂಸಿಎಯಲ್ಲಿ. ವಿಲಿಯಂ ಮಾರ್ಗನ್ ಎಂಬ ವ್ಯಾಯಾಮ ಶಿಕ್ಷಕ, ಬ್ಯಾಸ್ಕೆಟ್‌ಬಾಲ್ ಆಡಲು ದಣಿಯುವ ನಡುವಯಸ್ಸಿನವರಿಗೆ ಮೈಗೆ ಮೈ ತಾಗದ ಹಗುರವಾದ ಆಟವೊಂದು ಇರಲಿ ಎಂದು ಇದನ್ನು ಕಟ್ಟಿದ. ಅದೇ 1895ರ ಆಗಸ್ಟ್ 29ರಂದು ಇಂಗ್ಲೆಂಡಿನ ಹಡರ್ಸ್‌ಫೀಲ್ಡ್ ಪಟ್ಟಣದ ಜಾರ್ಜ್ ಹೋಟೆಲಿನಲ್ಲಿ ಇನ್ನೊಂದು ಘಟನೆ ನಡೆಯಿತು. ಅಲ್ಲಿಯೂ ಒಂದು ‘ಜಾರ್ಜ್’ ಇರುವುದು ತಮಾಷೆ. ಉತ್ತರ ಇಂಗ್ಲೆಂಡಿನ ಇಪ್ಪತ್ತಕ್ಕೂ ಹೆಚ್ಚು ರಗ್ಬಿ ಕ್ಲಬ್‌ಗಳು ಅಂದು ಮೂಲ ಸಂಸ್ಥೆಯಿಂದ ಸಿಡಿದು ‘ನಾರ್ದರ್ನ್ ಯೂನಿಯನ್’ ಕಟ್ಟಿಕೊಂಡವು. ಮುಂದೆ ರಗ್ಬಿ ಲೀಗ್ ಎಂದು ಹೆಸರಾದ, ಪ್ರತಿ ತಂಡಕ್ಕೆ ಹದಿಮೂರು ಮಂದಿಯ ಆಟ ಹುಟ್ಟಿದ್ದು ಈ ಜಗಳದಿಂದ. ಜಗಳವಾದರೂ ಯಾವುದಕ್ಕೆ? ಚೆಂಡಿಗಲ್ಲ, ನಿಯಮಕ್ಕಲ್ಲ, ಅರ್ಧ ದಿನದ ಕೂಲಿಗೆ.

ಯಾರ್ಕ್‌ಷೈರ್, ಲ್ಯಾಂಕಾಷೈರ್ ಸೀಮೆಯ ಆಟಗಾರರು ಗಣಿಯಲ್ಲೂ ಬಟ್ಟೆ ಗಿರಣಿಯಲ್ಲೂ ದುಡಿಯುವವರು. ಶನಿವಾರವೂ ಮಧ್ಯಾಹ್ನದವರೆಗೆ ಕೆಲಸ. ದೂರದ ಊರಿನಲ್ಲಿ ಪಂದ್ಯವಿದ್ದರೆ ಬೆಳಗಿನ ಪಾಳಿ ತಪ್ಪುತ್ತಿತ್ತು, ತಪ್ಪಿದ ಪಾಳಿಯ ಕೂಲಿ ಹೋಗುತ್ತಿತ್ತು. ಆ ನಷ್ಟವನ್ನಾದರೂ ಕ್ಲಬ್ಬು ತುಂಬಿಕೊಡಲಿ ಎಂದು ಅವರು ಕೇಳಿದರು. ದೊಡ್ಡ ಖಾಸಗಿ ಶಾಲೆಗಳಲ್ಲಿ ಓದಿದ, ಜಮೀನು ಇಲ್ಲವೇ ವಕೀಲಿಯ ಆದಾಯವಿದ್ದ ದಕ್ಷಿಣದ ಸಭ್ಯರಿಗೆ ಈ ಬೇಡಿಕೆ ಅಸಹ್ಯವೆನಿಸಿತು. ಹಣಕ್ಕಾಗಿ ಆಡುವುದು ಆಟದ ಶುದ್ಧಿಯನ್ನು ಕೆಡಿಸುತ್ತದೆ ಎಂಬುದು ಅವರ ವಾದ. ಹಸಿವಿಲ್ಲದವರ ಶುದ್ಧಿ ಅದು ಎಂದು ನಮಗೆ ತೋರುತ್ತದೆ. 1893ರ ಸಭೆಯಲ್ಲಿ ಈ ಬೇಡಿಕೆ 282ಕ್ಕೆ 136 ಮತಗಳಿಂದ ಬಿದ್ದುಹೋಯಿತು. ಎರಡು ವರ್ಷದಲ್ಲಿ ಮನೆ ಒಡೆಯಿತು.

ಹೊಸ ಸಂಸ್ಥೆ ತಪ್ಪಿದ ದಿನವೊಂದಕ್ಕೆ ಆರು ಶಿಲಿಂಗ್ ಕೊಡಬಹುದೆಂದು ಮಿತಿ ಹಾಕಿತು. 1898ರಲ್ಲಿ ಬಹಿರಂಗವಾಗಿಯೇ ಸಂಬಳಕ್ಕೆ ಒಪ್ಪಿತು. ಆದರೆ ಒಂದು ಷರತ್ತು: ಆಟಗಾರನಿಗೆ ಆಟವಲ್ಲದೆ ಬೇರೆ ಸಾಚಾ ಉದ್ಯೋಗ ಇರಲೇಬೇಕು. ಬರೀ ಆಟದಿಂದ ಬದುಕುವವನನ್ನು ಬಂಡಾಯಗಾರರೂ ನಂಬಲಿಲ್ಲ! ಆ ಷರತ್ತು 1905ರವರೆಗೆ ಇತ್ತು. ಇತ್ತ ಮೂಲ ಸಂಸ್ಥೆಯಾದ ರಗ್ಬಿ ಯೂನಿಯನ್, ತನ್ನನ್ನು ಬಿಟ್ಟು ಲೀಗಿಗೆ ಹೋದವರಿಗೆ ಆಜೀವ ಬಹಿಷ್ಕಾರ ಹಾಕುತ್ತಿತ್ತು. ಆ ಯೂನಿಯನ್ನಿನ ಆಟದಲ್ಲಿ ಸಂಬಳ ಬಹಿರಂಗವಾಗಿ ಒಪ್ಪಿತವಾದದ್ದು 1995ರ ಆಗಸ್ಟ್‌ನಲ್ಲಿ, ಸರಿಯಾಗಿ ನೂರು ವರ್ಷಗಳ ಮೇಲೆ.

ಕನ್ನಡಿಗರಿಗೆ ಈ ಭೇದ ರಂಗಭೂಮಿಯಿಂದ ಪರಿಚಿತ. ಗುಬ್ಬಿ ಕಂಪನಿಯವರು ವೃತ್ತಿ ರಂಗಭೂಮಿ. ಕಾಲೇಜು ಓದಿದವರು ಕಟ್ಟಿದ್ದು ಹವ್ಯಾಸಿ ರಂಗಭೂಮಿ. ವಿಮರ್ಶೆಯ ಮರ್ಯಾದೆ ಬಹುಕಾಲ ಹವ್ಯಾಸಿಗಳ ಪಾಲಿಗೆ ಹೋಯಿತು, ಊರೂರು ತಿರುಗಿ ಹೊಟ್ಟೆಪಾಡಿಗೆ ಬಣ್ಣ ಹಚ್ಚಿದವರಿಗೆ ಜನರ ಚಪ್ಪಾಳೆ ಸಂದಿತು. ಆದರೂ ಇಂಗ್ಲೆಂಡಿನ ಹಾಗೆ ಸಂಬಳ ಪಡೆದವನನ್ನು ಪಂಕ್ತಿಯಿಂದ ಎಬ್ಬಿಸುವ ಪದ್ಧತಿ ನಮ್ಮದಲ್ಲ. ಮೈಸೂರಿನ ಜಟ್ಟಿಗಳನ್ನು ನೆನೆಯೋಣ. ದಸರೆಯಲ್ಲಿ ಅರಮನೆಯ ಅಂಗಳದಲ್ಲಿ ವಜ್ರಮುಷ್ಟಿ ಕಾಳಗ ನಡೆಸುವ ಆ ಮಲ್ಲರನ್ನು ಸಾಕಿದ್ದು ಅರಮನೆ. ಅವರದು ಕೂಲಿಯಲ್ಲ, ಆಶ್ರಯ. ದೊರೆಯ ಕಾಲ ಮುಗಿದ ಮೇಲೆ ಆಶ್ರಯಕ್ಕೆ ಸರ್ಕಾರವೇ ವಾರಸುದಾರನಾಯಿತು. ಆಶ್ರಯದ ಹೊಸ ಹೆಸರು ನೌಕರಿ.

ಕೇಂದ್ರ ಸರ್ಕಾರದ ಕಚೇರಿಯಲ್ಲಿ ಕೆಲಸ ಮಾಡುವವರಿಗೆ ಇದರ ಯಂತ್ರಾಂಗ ಗೊತ್ತು. ಕ್ರೀಡಾ ಕೋಟಾದಲ್ಲಿ ನೇಮಕ. ಪಂದ್ಯಗಳಿಗೆ, ತರಬೇತಿ ಶಿಬಿರಗಳಿಗೆ ‘ವಿಶೇಷ ಸಾಂದರ್ಭಿಕ ರಜೆ’, ಕ್ಯಾಲೆಂಡರ್ ವರ್ಷಕ್ಕೆ ಗರಿಷ್ಠ 30 ದಿನ. ಪದಕ ಬಂದರೆ ಮುಂಗಡ ವೇತನ ಬಡ್ತಿ. ಹಡರ್ಸ್‌ಫೀಲ್ಡಿನ ಗಣಿ ಕೆಲಸದವನು ಆರು ಶಿಲಿಂಗಿಗಾಗಿ ಮನೆ ಒಡೆಯಬೇಕಾಯಿತು. ನಮ್ಮಲ್ಲಿ ಅದೇ ಹಕ್ಕು ಒಂದು ಸುತ್ತೋಲೆಯಾಗಿ, ರಜೆ ಅರ್ಜಿಯ ಒಂದು ಸಾಲಾಗಿ ಸದ್ದಿಲ್ಲದೆ ಬಂತು. ಈ ವ್ಯವಸ್ಥೆಯನ್ನು ಲೇವಡಿ ಮಾಡುವುದು ಸುಲಭ. ಗಾಳಿಯಲ್ಲಿ ನೆಗೆದು ನಿಲ್ಲುವವನ ಕೈಗೆ ಟಪಾಲು ವಹಿ ಕೊಟ್ಟು, ಒಳಬಂದ ಪತ್ರಗಳಿಗೆ ನಂಬರು ಹಾಕಲು ಕೂರಿಸಿದ್ದನ್ನು ನಾವೂ ಕಂಡಿದ್ದೇವೆ. ಆದರೆ ಮೂವತ್ತೈದಕ್ಕೆ ಮಂಡಿ ಸವೆದ ಮೇಲೂ ಅರುವತ್ತರವರೆಗೆ ಸಂಬಳ, ಆಮೇಲೆ ಪಿಂಚಣಿ ಎಂಬ ಭರವಸೆಯಿಲ್ಲದೆ ಬಡ ರೈತರ, ಮೀನುಗಾರರ ಮಕ್ಕಳು ಆಟದ ಅಂಕಣಕ್ಕೆ ಇಳಿಯುತ್ತಿದ್ದರೆ? ನಮಗೆ ಸಂದೇಹ.

ಈ ಏರ್ಪಾಡಿನ ಅತ್ಯಂತ ಸೊಗಸಾದ ದಿನವನ್ನು ನೋಡಬೇಕಾದರೆ ಕೊಚ್ಚಿಗೆ ಬರಬೇಕು. 1973ರ ಡಿಸೆಂಬರ್ 27, ಎರ್ನಾಕುಲಂ ಮಹಾರಾಜಾಸ್ ಕಾಲೇಜು ಮೈದಾನ, ಸಂತೋಷ್ ಟ್ರೋಫಿ ಫುಟ್‌ಬಾಲ್ ಫೈನಲ್. ಎದುರಾಳಿ ರೈಲ್ವೇಸ್, ಅಂದರೆ ಹನ್ನೊಂದೂ ಮಂದಿ ಕೇಂದ್ರ ಸರ್ಕಾರದ ನೌಕರರು. ಕೇರಳದ ನಾಯಕ ಟಿ.ಕೆ.ಎಸ್. ಮಣಿ, ಕೊಚ್ಚಿ ಬಳಿಯ ಉದ್ಯೋಗಮಂಡಲದ ‘ಫ್ಯಾಕ್ಟ್’ ರಸಗೊಬ್ಬರ ಕಾರ್ಖಾನೆಯ ತಂಡದ ಆಟಗಾರ. ಅದೂ ಕೇಂದ್ರದ ಉದ್ಯಮವೇ. ಮಣಿ ಮೂರು ಗೋಲು ಹೊಡೆದರು. ಕೇರಳ 3-2ರಿಂದ ಗೆದ್ದು ಮೊದಲ ಬಾರಿಗೆ ಆ ಟ್ರೋಫಿ ಎತ್ತಿತು. ಮರುದಿನ ರಾಜ್ಯಕ್ಕೆ ರಜೆ ಸಾರಿದರು. ಕಳಮಶ್ಶೇರಿಯ ಪ್ರೀಮಿಯರ್ ಟೈರ್ಸ್ ಮುಂತಾದ ಕಾರ್ಖಾನೆಗಳ ತಂಡಗಳು ಕೊಚ್ಚಿಯ ಸಂಜೆಗಳನ್ನು ಆಳಿದ ಕಾಲ ಅದು. ನಮ್ಮ ಬೆಂಗಳೂರಿನ ಎಚ್‌ಎಎಲ್, ಐಟಿಐ ತಂಡಗಳನ್ನು ನೋಡಿದ ಹಿರಿಯರಿಗೆ ಇದನ್ನು ವಿವರಿಸಬೇಕಿಲ್ಲ.

ಆ ವರ್ಷ ಜಿಮ್ಮಿಗೆ ಹದಿನೆಂಟು. 1970ರಲ್ಲಿ, ಪ್ರೀ-ಡಿಗ್ರಿಯ ಮೊದಲ ವರ್ಷದಲ್ಲೇ ಕ್ಯಾಲಿಕಟ್ ವಿಶ್ವವಿದ್ಯಾಲಯದ ತಂಡ. 1971ರಲ್ಲಿ, ಹದಿನಾರಕ್ಕೆ, ಕೇರಳ ರಾಜ್ಯ ತಂಡ. 1973ರಲ್ಲಿ ಪಾಲಾದ ಸೇಂಟ್ ಥಾಮಸ್ ಕಾಲೇಜಿಗೆ ಸೇರಿ, 1976ರವರೆಗೆ ತಿರುವನಂತಪುರದ ಕೇರಳ ವಿಶ್ವವಿದ್ಯಾಲಯಕ್ಕೆ ಆಡಿದರು. ಆ ಅವಧಿಯಲ್ಲಿ ಅಖಿಲ ಭಾರತ ಅಂತರ ವಿಶ್ವವಿದ್ಯಾಲಯ ಪ್ರಶಸ್ತಿ ಕೇರಳಕ್ಕೆ ಬಂತು. 1974ರಲ್ಲಿ ಟೆಹರಾನ್ ಏಷ್ಯನ್ ಕ್ರೀಡಾಕೂಟದಲ್ಲಿ ಭಾರತಕ್ಕೆ ಆಡಿದಾಗ ವಯಸ್ಸು ಹತ್ತೊಂಬತ್ತು. 1975ರ ಜಿ.ವಿ. ರಾಜಾ ಪ್ರಶಸ್ತಿ ಅವರಿಗೆ ಬಂತು. ತಿರುವಾಂಕೂರು ರಾಜಮನೆತನದ ಅಳಿಯ ಗೋದವರ್ಮ ರಾಜಾ ಈ ರಾಜ್ಯದ ಕ್ರೀಡಾ ಮಂಡಳಿಯನ್ನು ಕಟ್ಟಿ ಬೆಳೆಸಿದವರು. ಆಶ್ರಯವು ಅರಮನೆಯಿಂದ ಮಂಡಳಿಗೆ ದಾಟಿದ ಸೇತುವೆಯ ಹೆಸರೇ ಆ ಪ್ರಶಸ್ತಿಯ ಮೇಲಿದೆ. 1976ರಲ್ಲಿ ಅರ್ಜುನ. ಇಪ್ಪತ್ತೊಂದು ವರ್ಷಕ್ಕೆ ಆ ಗೌರವ ಪಡೆದ ವಾಲಿಬಾಲ್ ಆಟಗಾರ ಅದುವರೆಗೆ ಬೇರೊಬ್ಬರಿರಲಿಲ್ಲ. ಅದರ ಹಿಂದಿನ ವರ್ಷವಷ್ಟೇ ಕೇರಳದವರೇ ಆದ ಕೆ.ಸಿ. ಏಲಮ್ಮ ಅವರಿಗೆ ಇದೇ ಆಟಕ್ಕೆ ಅರ್ಜುನ ಸಂದಿತ್ತು.

ಇಷ್ಟಾದ ಮೇಲೆ ನೌಕರಿ ಬರದಿದ್ದರೆ ಆಶ್ಚರ್ಯ. 1976ರಲ್ಲಿ ಕೇರಳ ಪೊಲೀಸ್ ಸೇರಿದರು. ಕೊನೆಯವರೆಗೂ ಆ ತಂಡದವರಾಗಿಯೇ ಉಳಿದರು.

ಅವರ ಆಟದ ಬಗ್ಗೆ ಒಂದೆರಡು ಮಾತು. ಪುರುಷರ ವಾಲಿಬಾಲಿನಲ್ಲಿ ಬಲೆಯ ಎತ್ತರ 2.43 ಮೀಟರ್. ಜತೆಗಾರ ಮೇಲೆತ್ತಿಕೊಟ್ಟ ಚೆಂಡನ್ನು ಬಲೆಯ ಆಚೆಗೆ ಬಡಿಯುವುದು ದಾಳಿಗಾರನ ಕೆಲಸ. ಓಡಿ ಬಂದು ಎರಡೂ ಕಾಲೂರಿ ಚಿಮ್ಮಬೇಕು. ಎದುರಿನ ತಡೆಗಾರರೂ ಅದೇ ಗಳಿಗೆಯಲ್ಲಿ ಕೈಯೆತ್ತಿ ಚಿಮ್ಮುತ್ತಾರೆ. ಅವರು ಇಳಿಯತೊಡಗಿದ ಮೇಲೂ ಇವನು ಮೇಲೆಯೇ ಇದ್ದರೆ ಗೆದ್ದ. ಜಿಮ್ಮಿಯನ್ನು ನೋಡಿದವರು ಇಂದಿಗೂ ಹೇಳುವುದು ಇದನ್ನೇ, ಅವರು ಗಾಳಿಯಲ್ಲಿ ನಿಲ್ಲುತ್ತಿದ್ದರಂತೆ. ಭೌತಶಾಸ್ತ್ರ ಇದನ್ನು ಒಪ್ಪದು, ಆದರೆ ಕಣ್ಣು ಕಂಡದ್ದನ್ನು ಅದು ಅಳಿಸಲೂ ಆರದು. ಇನ್ನೊಂದು ಸಂಗತಿ: ಆಗಿನ ನಿಯಮದಲ್ಲಿ ಸರ್ವ್ ಮಾಡಿದ ಕಡೆಗೆ ಮಾತ್ರ ಅಂಕ ಸಿಗುತ್ತಿತ್ತು, ಹದಿನೈದರ ಸೆಟ್ಟು ಎಷ್ಟು ಹೊತ್ತಿಗೆ ಮುಗಿಯುವುದೆಂದು ಹೇಳುವಂತಿರಲಿಲ್ಲ. ಈಗಿನ ಹಾಗೆ ಪ್ರತಿ ಚೆಂಡಿಗೂ ಅಂಕ ಬರುವ ಪದ್ಧತಿ ಜಾರಿಯಾದದ್ದು ತೊಂಬತ್ತರ ದಶಕದ ಕೊನೆಗೆ. ಗಂಟೆಗಟ್ಟಲೆ ಎಳೆಯುವ ಪಂದ್ಯಗಳಲ್ಲಿ ಮತ್ತೆ ಮತ್ತೆ ಹಾಗೆ ಚಿಮ್ಮಲು ಕಾಲುಗಳಿಗೆ ಎಂಥ ಶಕ್ತಿ ಬೇಕು! ಜಿಮ್ಮಿ ಒಳ್ಳೆಯ ಈಜುಗಾರರೂ ಆಗಿದ್ದರು.

1978ರ ಬ್ಯಾಂಕಾಕ್ ಏಷ್ಯನ್ ಕ್ರೀಡಾಕೂಟದ ಮರುವರ್ಷ, 1979ರಲ್ಲಿ, ಜಿಮ್ಮಿ ಅಬುಧಾಬಿಗೆ ಹೊರಟರು. ಅಬುಧಾಬಿ ಸ್ಪೋರ್ಟ್ಸ್ ಕ್ಲಬ್ಬಿಗೆ 1982ರವರೆಗೆ ಆಡಿದರು. ಆ ವರ್ಷಗಳ ಕೇರಳವನ್ನು ಬಲ್ಲವರಿಗೆ ಇದರಲ್ಲಿ ಬೆರಗಿಲ್ಲ. ಬಡಗಿ, ಮೇಸ್ತ್ರಿ, ನರ್ಸು, ಗುಮಾಸ್ತ ಎಲ್ಲರೂ ಕೊಲ್ಲಿ ದೇಶಗಳಿಗೆ ಹೋಗುತ್ತಿದ್ದರು, ತಮಗೆ ತಿಳಿದ ಕೆಲಸವನ್ನು ಹೆಚ್ಚು ಬೆಲೆಗೆ ಮಾರಲು. ಜಿಮ್ಮಿಗೆ ತಿಳಿದ ಕೆಲಸ ವಾಲಿಬಾಲ್. ಹಾಗೆ ನೋಡಿದರೆ ಅದು ಕ್ರೀಡಾ ಇತಿಹಾಸದ ಘಟನೆಯಾಗಿರುವಷ್ಟೇ ವಲಸೆಯ ಇತಿಹಾಸದ ಘಟನೆಯೂ ಹೌದು. ಊರ ಉತ್ಸವದ ಟೂರ್ನಿಗಳಲ್ಲಿ ಹೊರಗಿನ ಆಟಗಾರರನ್ನು ಹಣ ಕೊಟ್ಟು ಕರೆತರುವ ವಾಡಿಕೆ ಮಲಬಾರಿಗೆ ಹೊಸದೇನಲ್ಲ. ಕೊಯ್ಲು ಮುಗಿದ ಗದ್ದೆಯಲ್ಲಿ ಬಿದಿರು, ಅಡಕೆ ದಬ್ಬೆಯ ಗ್ಯಾಲರಿ ಕಟ್ಟಿ, ದೀಪ ಹಾಕಿ ಆಡಿಸುವ ಆಟಗಳು ನಮ್ಮ ಯಕ್ಷಗಾನ ಮೇಳಗಳ ತಿರುಗಾಟಕ್ಕೆ ಹತ್ತಿರದವು. ಆದರೆ ಅದು ರಾತ್ರಿಯ ಲೆಕ್ಕದ ಹಣ. ಅವಧಿ ಇಷ್ಟು, ಸಂಬಳ ಇಷ್ಟು, ಕೆಲಸ ಆಡುವುದೊಂದೇ ಎಂಬ ಕರಾರು ಬೇರೆಯೇ ಮಾತು.

ಹೊರಗಿನ ಲೋಕವೂ ಅದೇ ಹೊತ್ತಿಗೆ ಹೊರಳುತ್ತಿತ್ತು. 1912ರ ಒಲಿಂಪಿಕ್ಸಿನಲ್ಲಿ ಎರಡು ಚಿನ್ನ ಗೆದ್ದ ಅಮೆರಿಕದ ಆದಿವಾಸಿ ಜಿಮ್ ಥೋರ್ಪ್, ಅದಕ್ಕೆ ಮುಂಚೆ ಪುಡಿಗಾಸಿಗೆ ಬೇಸ್‌ಬಾಲ್ ಆಡಿದ್ದನೆಂಬ ಕಾರಣಕ್ಕೆ ಪದಕ ಕಳೆದುಕೊಂಡದ್ದು ಪ್ರಸಿದ್ಧ ಕಥೆ. ಒಲಿಂಪಿಕ್ ಸಮಿತಿ 1974ರಲ್ಲಿ, ಅಂದರೆ ಜಿಮ್ಮಿ ಟೆಹರಾನಿಗೆ ಹೋದ ವರ್ಷ, ಆಟಕ್ಕಾಗಿ ಕಳೆದುಕೊಂಡ ಸಂಬಳವನ್ನು ತುಂಬಿಕೊಡಬಹುದೆಂದು ಒಪ್ಪಿತು. ಹಡರ್ಸ್‌ಫೀಲ್ಡಿನವರು ಕೇಳಿದ್ದೂ ಅಷ್ಟನ್ನೇ! ಥೋರ್ಪ್‌ನ ಗೆಲುವನ್ನು ಸಮಿತಿ ಮತ್ತೆ ಮಾನ್ಯ ಮಾಡಿದ್ದು 1982ರಲ್ಲಿ. ಆತ ಸತ್ತು ಸುಮಾರು ಮೂವತ್ತು ವರ್ಷ ಕಳೆದಿತ್ತು.

1982 ಎಂದರೆ ನಮಗೆ ದಿಲ್ಲಿಯ ಏಷ್ಯಾಡ್. ಬಣ್ಣದ ದೂರದರ್ಶನ, ಅಪ್ಪು ಆನೆ, ಹೊಸ ಕ್ರೀಡಾಂಗಣಗಳು. ಜಿಮ್ಮಿ ಆಡಿದ ಏಷ್ಯನ್ ಕ್ರೀಡಾಕೂಟಗಳು ಟೆಹರಾನ್, ಬ್ಯಾಂಕಾಕ್, ಸೋಲ್. ತವರಿನ ಕೂಟ ಆ ಪಟ್ಟಿಯಲ್ಲಿಲ್ಲ. ಇಪ್ಪತ್ತೇಳು ವರ್ಷ, ದಾಳಿಗಾರನ ಮೈಗೆ ಉಚ್ಛ್ರಾಯದ ಕಾಲ. ಆ ವರ್ಷವೇ ಅವರು ಇಟಲಿಗೆ ಹೋದರು. ಕೂಲಿಯ ಲೆಕ್ಕದಲ್ಲಿ ಬರುವ ಖರ್ಚಿನ ಬಾಬತ್ತು ಇದೂ ಒಂದು. ಎಂಟು ವರ್ಷಗಳ ಅಂತರದಲ್ಲಿ ಎರಡು ಏಷ್ಯಾಡ್‌ಗಳ ನಡುವೆ ಅವರು ರಾಷ್ಟ್ರದ ಪದಕಪಟ್ಟಿಗಲ್ಲ, ಕ್ಲಬ್‌ಗಳ ಅಂಕಪಟ್ಟಿಗೆ ಆಡಿದರು. ಇದಕ್ಕಾಗಿ ಅವರನ್ನು ಆಕ್ಷೇಪಿಸುವವರು ಕೊಲ್ಲಿಯಿಂದ ಬಂದ ಹಣದಲ್ಲಿ ಎದ್ದ ಕೇರಳದ ಮನೆಗಳನ್ನೂ ಆಕ್ಷೇಪಿಸಬೇಕಾಗುತ್ತದೆ.

ಇಟಲಿಯಲ್ಲಿ 1982ರಿಂದ 84ರವರೆಗೆ, ಮತ್ತೆ 1985ರಿಂದ 87ರವರೆಗೆ. ಆ ದೇಶದ ವಾಲಿಬಾಲ್ ಆಗ ಏರುವ ದಾರಿಯಲ್ಲಿತ್ತು. ಉದ್ಯಮಪತಿಗಳ ಹಣ ಕ್ಲಬ್‌ಗಳಿಗೆ ಹರಿಯತೊಡಗಿತ್ತು. ಹೊರದೇಶದ ಉತ್ತಮರನ್ನು ಆರಿಸಿ ತರುತ್ತಿದ್ದರು. 1990, 94, 98ರ ವಿಶ್ವ ಚಾಂಪಿಯನ್‌ಶಿಪ್‌ಗಳನ್ನು ಇಟಲಿ ಸಾಲಾಗಿ ಗೆದ್ದದ್ದು ಈ ಲೀಗ್ ಹದಗೊಳಿಸಿದ ಪೀಳಿಗೆಯಿಂದ. ಆ ಬೆಳೆಗೆ ಉಳುಮೆ ನಡೆಯುತ್ತಿದ್ದ ಕಾಲದಲ್ಲಿ ಪೇರಾವೂರಿನವನೊಬ್ಬ ಅಲ್ಲಿದ್ದ. ಮೊಂತಿಕಿಯಾರಿಯವರು ತಮ್ಮ ಭವನಕ್ಕೆ ಅವರ ಹೆಸರಿಟ್ಟರೆಂಬುದೇ ಸಾಕು, ಬಾಡಿಗೆ ಆಟಗಾರನೆಂದು ಆ ಊರು ಅವರನ್ನು ಕಂಡಿರಲಿಲ್ಲ ಎಂದು ತಿಳಿಯಲು. ಕೂಲಿ ಪಡೆದವನಿಗೆ ಊರಿನ ಮೇಲೆ ಪ್ರೀತಿ ಇರುವುದಿಲ್ಲ ಎಂಬುದು ಹಡರ್ಸ್‌ಫೀಲ್ಡಿನ ಕಾಲದಿಂದ ಸಭ್ಯರು ಹೇಳುತ್ತ ಬಂದ ಮಾತು.

ಅವರು ಸಂಬಳದ ಆಟಗಾರನಾದ ಮೇಲೂ ಭಾರತ ತಂಡದ ಬಾಗಿಲು ಮುಚ್ಚಲಿಲ್ಲ. 1985ರಲ್ಲಿ ಸೌದಿ ಅರೇಬಿಯಾದಲ್ಲಿ ತಂಡದ ನಾಯಕ; 1986ರಲ್ಲಿ ಹೈದರಾಬಾದಿನ ಇಂಡಿಯಾ ಗೋಲ್ಡ್ ಕಪ್ ಅಂತರರಾಷ್ಟ್ರೀಯ ಟೂರ್ನಿಯಲ್ಲೂ ಅವರದೇ ಮುಂದಾಳುತನ. ಅದೇ ವರ್ಷ ಸೋಲ್ ಏಷ್ಯನ್ ಕ್ರೀಡಾಕೂಟ. ಕೇರಳದವರೇ ಆದ ಸಿರಿಲ್ ವೆಳ್ಳೂರ್, ಕೆ. ಉದಯಕುಮಾರ್, ಆಂಧ್ರದ ಅಬ್ದುಲ್ ಬಾಸಿತ್ ಮೊದಲಾದವರ ಜತೆ ಜಿಮ್ಮಿ. ಭಾರತ ಜಪಾನನ್ನು ಹಿಂದಿಕ್ಕಿ ಕಂಚು ಗೆದ್ದಿತು. 1958ರಲ್ಲಿ ಕಂಚು, 1962ರಲ್ಲಿ ಬೆಳ್ಳಿ, 1986ರಲ್ಲಿ ಕಂಚು: ಏಷ್ಯನ್ ಕ್ರೀಡಾಕೂಟದಲ್ಲಿ ಭಾರತದ ಪುರುಷರ ವಾಲಿಬಾಲ್ ಕಂಡ ಪದಕಗಳು ಈ ಮೂರೇ. ಇಟಲಿಯ ಕ್ಲಬ್‌ಗಳಲ್ಲಿ ಪಳಗಿದ ಕೈ ತಂಡಕ್ಕೆ ಮರಳಿದಾಗ ಇಪ್ಪತ್ತನಾಲ್ಕು ವರ್ಷಗಳ ಬರ ಮುಗಿಯಿತು. ಒಬ್ಬನಿಂದಲೇ ಆಯಿತು ಎನ್ನಲಾಗದು, ಆರು ಜನರ ಆಟವಿದು. ಆದರೆ ಹಣಕ್ಕಾಗಿ ಹೋದವನು ದೇಶಕ್ಕೆ ಏನು ತಂದ ಎಂದು ಕೇಳುವವರಿಗೆ ಸೋಲ್ ಒಂದು ಉತ್ತರ.

1987ರ ನವೆಂಬರ್ 30ರಂದು ಇಟಲಿಯಲ್ಲಿ ಕಾರು ಅಪಘಾತದಲ್ಲಿ ಜಿಮ್ಮಿ ಜಾರ್ಜ್ ತೀರಿಕೊಂಡರು. ಮೂವತ್ತೆರಡು ವರ್ಷ, ಎಂಟು ತಿಂಗಳು.

ಮುಪ್ಪು ಅವರ ಆಟವನ್ನು ಮುಟ್ಟಲಿಲ್ಲ. ಆದ್ದರಿಂದ ಒಂದು ಪ್ರಶ್ನೆಗೆ ಈ ಬದುಕಿನಲ್ಲಿ ಉತ್ತರವಿಲ್ಲ. ಮಂಡಿ ಸೋತ ಮೇಲೆ ಅವರು ಪೊಲೀಸ್ ಇಲಾಖೆಯ ಕುರ್ಚಿಗೆ ಮರಳುತ್ತಿದ್ದರೇ, ಇಟಲಿಯಲ್ಲಿ ಕಲಿಸುತ್ತಿದ್ದರೇ? ಫುಟ್‌ಬಾಲಿನ ಐ.ಎಂ. ವಿಜಯನ್ ನೆನಪಾಗುತ್ತಾರೆ. ತ್ರಿಶ್ಶೂರಿನ ಮೈದಾನದಲ್ಲಿ ಸೋಡಾ ಮಾರುತ್ತಿದ್ದ ಹುಡುಗ ಕೇರಳ ಪೊಲೀಸ್ ತಂಡ ಸೇರಿ, ಅಲ್ಲಿಂದ ಕಲ್ಕತ್ತೆಯ ಕ್ಲಬ್‌ಗಳ ಹಣಕ್ಕೆ ಹಾರಿ, ಕೊನೆಗೆ ಅದೇ ಪೊಲೀಸ್ ಇಲಾಖೆಗೆ ಮರಳಿ ಅಲ್ಲಿಂದಲೇ ನಿವೃತ್ತರಾದರು. ಕ್ಲಬ್ಬಿನ ಕರಾರು ಮುಗಿಯುತ್ತದೆ, ಸೇವಾ ಪುಸ್ತಕ ಕಾದಿರುತ್ತದೆ. ಜಿಮ್ಮಿಯ ಅಣ್ಣ ಜೋಸ್ ಜಾರ್ಜ್ ಕೂಡ ಭಾರತಕ್ಕೆ ಆಡಿ, ಕೇರಳ ಪೊಲೀಸಿನಲ್ಲೇ ಮೇಲೇರಿ ಐಜಿಯಾದವರು. ಕಿರಿಯ ತಮ್ಮ ರಾಬರ್ಟ್ ಬಾಬಿ ಜಾರ್ಜ್ ಅಥ್ಲೆಟಿಕ್ಸಿನ ಕಡೆ ತಿರುಗಿ ತರಬೇತುದಾರರಾದರು. 2003ರಲ್ಲಿ ಪ್ಯಾರಿಸ್ಸಿನ ವಿಶ್ವ ಅಥ್ಲೆಟಿಕ್ಸ್‌ನಲ್ಲಿ ಉದ್ದಜಿಗಿತದ ಕಂಚು ಗೆದ್ದ ಅಂಜು ಅವರ ಪತ್ನಿ. ಅಂಜು ಬಾಬಿ ಜಾರ್ಜ್ ಎಂಬ ಹೆಸರಿನ ಕೊನೆಯ ‘ಜಾರ್ಜ್’ ಪೇರಾವೂರಿನದು. ಅಂಜು ಅವರಿಗೂ ಕೇಂದ್ರದ ಸುಂಕ ಇಲಾಖೆಯ ನೌಕರಿಯೇ ಆಸರೆಯಾಗಿತ್ತು. ದಂಪತಿ ನೆಲೆಸಿದ್ದು ನಮ್ಮ ಬೆಂಗಳೂರಿನಲ್ಲಿ.

ಜಿಮ್ಮಿಯ ಹೆಸರಿನ ಪ್ರತಿಷ್ಠಾನ ಕೇರಳದ ಉತ್ತಮ ಕ್ರೀಡಾಪಟುಗಳಿಗೆ ಪ್ರಶಸ್ತಿ ಕೊಡುತ್ತ ಬಂದಿದೆ. ಆದರೆ ಅವರು ತೆರೆದ ದಾರಿಯಲ್ಲಿ ನಡೆದವರು ಬಹುಕಾಲ ವಿರಳ. ಅವರ ನಂತರದ ಪೀಳಿಗೆಯ ಹೆಸರಾಂತ ದಾಳಿಗಾರ, 2014ರ ಅರ್ಜುನ ಪ್ರಶಸ್ತಿ ಪಡೆದ ಟಾಮ್ ಜೋಸೆಫ್ ಆಡಿದ್ದು ಕೊಚ್ಚಿಯ ಬಿಪಿಸಿಎಲ್ ತಂಡಕ್ಕೆ, ಅಲ್ಲಿನ ನೌಕರರಾಗಿ. ಕೇರಳದ ಮಹಿಳಾ ವಾಲಿಬಾಲ್ ತಂಡದ ಬೆನ್ನೆಲುಬು ಇಂದಿಗೂ ರಾಜ್ಯ ವಿದ್ಯುತ್ ಮಂಡಳಿಯ ನೌಕರರು.

2019ರ ಫೆಬ್ರವರಿಯಲ್ಲಿ ಕ್ಲಬ್ಬಿನ ಸಂಬಳ ಭಾರತದ ವಾಲಿಬಾಲಿಗೆ ತಾನಾಗಿ ಬಂತು. ಪ್ರೊ ವಾಲಿಬಾಲ್ ಲೀಗಿನ ಮೊದಲ ಪಂದ್ಯಗಳು ಕೊಚ್ಚಿಯ ಕಡವಂತ್ರದಲ್ಲಿ ನಡೆದವು. 2008ರ ಬೀಜಿಂಗ್ ಒಲಿಂಪಿಕ್ಸಿನಲ್ಲಿ ಚಿನ್ನ ಗೆದ್ದ ಅಮೆರಿಕದ ಡೇವಿಡ್ ಲೀ ಕೊಚ್ಚಿ ತಂಡಕ್ಕೆ ಆಡಲು ಬಂದಿದ್ದರು; ಜಿಮ್ಮಿ ಇಟಲಿಗೆ ಹೋದ ಹಾದಿಯನ್ನು ತಿರುಗಿಸಿದಂತೆ. ಆ ಲೀಗ್ ಒಂದೇ ವರ್ಷಕ್ಕೆ ವ್ಯಾಜ್ಯದಲ್ಲಿ ಸಿಲುಕಿ ನಿಂತಿತು. 2022ರಲ್ಲಿ ಹೊಸ ಹೆಸರಿನಿಂದ ಎದ್ದಾಗ ಮೊದಲ ಪ್ರಶಸ್ತಿ ಗೆದ್ದ ಕೋಲ್ಕತ್ತ ತಂಡದ ನಾಯಕ ಕರ್ನಾಟಕದ ಅಶ್ವಲ್ ರೈ. ಮರುವರ್ಷ, 2023ರ ಮಾರ್ಚ್ 5ರಂದು ಫೈನಲ್ ಕೊಚ್ಚಿಯಲ್ಲೇ ನಡೆಯಿತು; ಅಹಮದಾಬಾದಿನೆದುರು ಬೆಂಗಳೂರು ಟಾರ್ಪಿಡೋಸ್. ಕೊಚ್ಚಿಯ ಕನ್ನಡಿಗರಿಗೆ ತಮ್ಮ ಊರ ಹೆಸರು ಹಿಡಿದು ಕೂಗುವ ಅವಕಾಶ. ಬೆಂಗಳೂರು 3-2ರಿಂದ ಸೋತಿತು.

ಆ ಲೀಗಿನಲ್ಲಿ ಆಡುವ ಭಾರತೀಯರಲ್ಲಿ ಅನೇಕರು ಇಂದಿಗೂ ರೈಲ್ವೆ, ಸೇನೆ, ಪೊಲೀಸ್, ತೈಲ ಕಂಪನಿಗಳ ನೌಕರರು. ಹರಾಜಿನಲ್ಲಿ ಬೆಲೆ ಕಟ್ಟಿಸಿಕೊಂಡು, ಇಲಾಖೆಯಿಂದ ನಿರಾಕ್ಷೇಪಣಾ ಪತ್ರ ಪಡೆದು ಬರುತ್ತಾರೆ. ಕೆಲವು ವಾರಗಳ ದೀಪ, ಸಂಗೀತ, ಕ್ಯಾಮೆರಾ ಮುಗಿದ ಮೇಲೆ ಊರಿನ ರೈಲು ಹಿಡಿದು, ಸೋಮವಾರ ಹತ್ತು ಗಂಟೆಯೊಳಗೆ ಕಚೇರಿಯ ಬಯೊಮೆಟ್ರಿಕ್ ಯಂತ್ರದ ಮೇಲೆ ಬೆರಳಿಡುತ್ತಾರೆ.